ಪ್ರತಿ ಮಳೆಗಾಲಕ್ಕೂ ಕಿತ್ತು ಬರುವ ಸೊಸೈಟಿ ರಸ್ತೆ: ಮತ್ತೆ ಡಾಂಬರು ಹಾಕಿಸೋದಾ, ಕೆಳಗಿನ ಮಣ್ಣು ನೋಡೋದಾ?

ವಾಘೋಲಿ ನಿವಾಸಿ

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ರಸ್ತೆ ಕೆಲಸ ಬಲ್ಲ ಪುಣೆ, ಮುಂಬೈ ಕನ್ನಡದವರು ಇದ್ದಾರೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಪುಣೆಯ ವಾಘೋಲಿಯಲ್ಲಿರುವ ನಮ್ಮ ವಸತಿ ಸೊಸೈಟಿಯ ಒಳರಸ್ತೆ ಸುಮಾರು 200 ಮೀಟರ್ ಉದ್ದ, 5 ಮೀಟರ್ ಅಗಲ. ಬೇಸಿಗೆಯಲ್ಲಿ ಎರಡೂ ಅಂಚಿನುದ್ದಕ್ಕೆ ಬೆರಳು ಹೋಗುವಷ್ಟು ಬಿರುಕು ಬೀಳುತ್ತದೆ. ಜುಲೈ ಬಂತು ಅಂದರೆ ಅದೇ ಜಾಗ ಕೂತು ಗುಂಡಿ ಆಗುತ್ತದೆ. ದೀಪಾವಳಿ ಹೊತ್ತಿಗೆ ಮೇಲೊಂದು ಪದರ ಡಾಂಬರು ಹಾಕಿಸುತ್ತೇವೆ, ಮುಂದಿನ ವರ್ಷ ಮತ್ತೆ ಅದೇ ಗೋಳು. ಈ ಸಲ ಕಾಂಟ್ರಾಕ್ಟರ್ ಎರಡು ಇಂಚು ಹಾಕಿಸಿ, ಐದು ವರ್ಷ ತಿರುಗಿ ನೋಡಬೇಕಾಗಿಲ್ಲ ಅನ್ನುತ್ತಿದ್ದಾರೆ. ಕಮಿಟಿಯಲ್ಲಿ ಅರ್ಧ ಜನ ಕಾಂಕ್ರೀಟ್ ಅನ್ನುತ್ತಾರೆ. ನಾನು ಓದಿದ್ದು ಕಾಮರ್ಸ್. ದುಡ್ಡು ಎಲ್ಲರದು, ಆದ್ದರಿಂದ ಸರಿಯಾಗಿ ತಿಳಿದುಕೊಂಡೇ ಮೀಟಿಂಗಿನಲ್ಲಿ ಮಾತಾಡಬೇಕು. ದಯವಿಟ್ಟು ಬಿಡಿಸಿ ಹೇಳಿ.

ಹಳೇ ಲ್ಯಾಬ್, ಕೊಥ್ರೂಡ್

ಎರಡು ಇಂಚಿಗೆ ಸಹಿ ಹಾಕಬೇಡಿ. ಮೊದಲು ರಸ್ತೆಯಲ್ಲಿ ಒಂದು ಕಡೆ ಅಗೆಸಿ ನೋಡಿ.

ಬೇಸಿಗೆಯಲ್ಲಿ ಅಂಚಿಗೆ ಬಿರುಕು, ಮಳೆಗಾಲದಲ್ಲಿ ಅಲ್ಲೇ ಕುಸಿತ ಅಂತ ಹೇಳಿದ್ದೀರಿ. ನೋಡದೆಯೇ ಹೇಳಬಹುದು, ಕೆಳಗೆ ಎರೆ ಮಣ್ಣು ಇರಬೇಕು. ದಖ್ಖನ್ನಿನ ಕಪ್ಪು ಬಸಾಲ್ಟ್ ಕಲ್ಲು ಶಿಥಿಲವಾಗಿ ಆದ ಮಣ್ಣು ಇದು, ಇಲ್ಲಿಂದ ಸೊಲ್ಲಾಪುರ ದಾಟಿ ನಮ್ಮ ವಿಜಯಪುರದ ತನಕ ಸಿಗುತ್ತದೆ. ಇದರಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಖನಿಜ ಜಾಸ್ತಿ. ಆ ಖನಿಜದ ತೆಳು ಹಾಳೆಗಳ ನಡುವೆ ನೀರು ಹೊಕ್ಕರೆ ಮಣ್ಣು ಊದುತ್ತದೆ, ಒಣಗಿದರೆ ಕುಗ್ಗುತ್ತದೆ. ರಸ್ತೆಯ ನಡುಭಾಗ ಮುಚ್ಚಿರುವುದರಿಂದ ಅಲ್ಲಿ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅಂಚು ಹಾಗಲ್ಲ, ಬಿಸಿಲಿಗೆ ಒಣಗುತ್ತದೆ, ಮಳೆಗೆ ನೆನೆಯುತ್ತದೆ. ನಡು ಅಲುಗದೆ ಅಂಚು ಮಾತ್ರ ಏರಿಳಿದರೆ ಬಿರುಕು ಅಂಚಿನುದ್ದಕ್ಕೇ ಬೀಳಬೇಕು. ಆ ಬಿರುಕಿನಿಂದ ಮೊದಲ ಮಳೆ ನೀರು ನೇರವಾಗಿ ಕೆಳಗೆ ಇಳಿಯುತ್ತದೆ.

ನೆಂದ ಎರೆ ಮಣ್ಣು ಎಷ್ಟು ಮೆತ್ತಗೆ ಅಂತ ಒಂದು ಲೆಕ್ಕ ಕೊಡುತ್ತೇನೆ. ಸಿಬಿಆರ್ (ಕ್ಯಾಲಿಫೋರ್ನಿಯಾ ಬೇರಿಂಗ್ ರೇಶಿಯೊ) ಅನ್ನುವ ಪರೀಕ್ಷೆ ಇದೆ, ಕ್ಯಾಲಿಫೋರ್ನಿಯಾದ ರಸ್ತೆ ಇಲಾಖೆಯಲ್ಲಿ ಹುಟ್ಟಿದ್ದು. ಮಣ್ಣನ್ನು ಅಚ್ಚಿನಲ್ಲಿ ಕುಟ್ಟಿ ನಾಲ್ಕು ದಿನ ನೀರಿನಲ್ಲಿ ಇಡುತ್ತಾರೆ. ಆಮೇಲೆ 50 ಮಿಮೀ ದಪ್ಪದ ಉಕ್ಕಿನ ದಂಡವನ್ನು ನಿಧಾನಕ್ಕೆ ಒತ್ತುತ್ತಾರೆ. ಒಳ್ಳೆ ಜಲ್ಲಿಯಲ್ಲಿ ಅದು 2.5 ಮಿಮೀ ಇಳಿಯಲು 1370 ಕೆಜಿ ಭಾರ ಬೇಕು. ಎರೆ ಮಣ್ಣಿನ ಸಿಬಿಆರ್ ಸಾಮಾನ್ಯವಾಗಿ 2 ಪರ್ಸೆಂಟ್ ಆಸುಪಾಸು, ಅಂದರೆ 27 ಕೆಜಿಗೇ ದಂಡ ಅಷ್ಟು ಇಳಿದುಬಿಡುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿ ಐಆರ್‌ಸಿ 37ರ ಪ್ರಕಾರ ಭಾರಿ ವಾಹನ ಓಡಾಡುವ ರಸ್ತೆಯ ಸಬ್‌ಗ್ರೇಡಿಗೆ, ಅಂದರೆ ಪದರಗಳ ಕೆಳಗಿನ ಮಣ್ಣಿಗೆ, ಕನಿಷ್ಠ 5 ಪರ್ಸೆಂಟ್ ಬೇಕು.

ನಮ್ಮಲ್ಲಿ ಕಾರು ಬಿಟ್ಟರೆ ಏನೂ ಓಡಾಡಲ್ಲ ಅನ್ನಬೇಡಿ. ನಿಮ್ಮ ಕಡೆ ನೀರಿನ ಟ್ಯಾಂಕರ್ ಬರುತ್ತವೆ ಅಲ್ವಾ? 10,000 ಲೀಟರ್ ಟ್ಯಾಂಕರಿನಲ್ಲಿ ನೀರೇ 10 ಟನ್. ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ನಾಲ್ಕನೇ ಘಾತಕ್ಕೆ ಏರುತ್ತದೆ ಅಂತ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರ ತನಕ ನಡೆದ ದೊಡ್ಡ ಪ್ರಯೋಗದಲ್ಲಿ ಗೊತ್ತಾಯಿತು. ಕಾರಿನ ಒಂದು ಆಕ್ಸಲ್ ಸುಮಾರು 7 ಕಿಲೋನ್ಯೂಟನ್ ಅಂತ ಹಿಡಿದರೆ, 80 ಕಿಲೋನ್ಯೂಟನ್ನಿನ ಒಂದು ಲಾರಿ ಆಕ್ಸಲ್ 17,000 ಕಾರು ಆಕ್ಸಲ್‌ಗಳಿಗೆ ಸಮ. ನಿಮ್ಮ ರಸ್ತೆಯನ್ನು ಹಾಳು ಮಾಡುತ್ತಿರುವುದು ದಿನಾ ಬರುವ ಆ ಟ್ಯಾಂಕರ್‌ಗಳು.

ಗುಂಡಿ ಬೀಳುವ ಜಾಗದಲ್ಲೇ ಒಂದು ಮೀಟರ್ ಉದ್ದಗಲ, ಒಂದು ಮೀಟರ್ ಆಳಕ್ಕೆ ಅಗೆಸಿ. ಪದರ ಪದರವಾಗಿ ಅಳೆದು ಫೋಟೋ ತೆಗೆಯಿರಿ. ತಳದ ಮಣ್ಣನ್ನು ಒಂದು ಚೀಲ ತುಂಬಿ ಲ್ಯಾಬಿಗೆ ಕೊಡಿ.

ಮುಲುಂಡ್ ಬೋರ್‌ಹೋಲ್

ಹಳೇ ಲ್ಯಾಬ್ ಸರ್ ಹೇಳಿದ್ದು ಸರಿ. ನಾನು ಮುಂಬೈಯಲ್ಲಿ ಮಣ್ಣು ಪರೀಕ್ಷೆಯ ಕೆಲಸದಲ್ಲಿದ್ದೇನೆ. ಲ್ಯಾಬಿಗೆ ಕೊಡುವಾಗ ಸಿಬಿಆರ್ ಜೊತೆಗೆ ಫ್ರೀ ಸ್ವೆಲ್ ಇಂಡೆಕ್ಸ್ ಅಂತ ಬರೆಸಿ, ಮಣ್ಣು ಎಷ್ಟು ಊದುತ್ತದೆ ಅಂತ ನೋಡುವ ಪರೀಕ್ಷೆ. ಖರ್ಚು ಕಡಿಮೆ, ಮರುದಿನವೇ ಉತ್ತರ ಬರುತ್ತದೆ.

ಮಾಡುವ ರೀತಿ ಸುಲಭ. ಒಣಗಿಸಿ ಜರಡಿ ಹಿಡಿದ ಮಣ್ಣು 10 ಗ್ರಾಂ ಒಂದು ಗಾಜಿನ ಅಳತೆ ಜಾಡಿಗೆ, ಇನ್ನೊಂದು 10 ಗ್ರಾಂ ಮತ್ತೊಂದು ಜಾಡಿಗೆ. ಒಂದರಲ್ಲಿ ನೀರು, ಒಂದರಲ್ಲಿ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಈ ಮಣ್ಣು ಊದುವುದಿಲ್ಲ. 24 ಗಂಟೆ ಬಿಟ್ಟು ಎರಡರಲ್ಲೂ ಮಣ್ಣು ಎಷ್ಟು ಎತ್ತರಕ್ಕೆ ಕೂತಿದೆ ನೋಡಿದರೆ ಮುಗಿಯಿತು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿಯಮದಲ್ಲಿ ವ್ಯತ್ಯಾಸ 50 ಪರ್ಸೆಂಟ್ ದಾಟಿದ ಮಣ್ಣನ್ನು ರಸ್ತೆ ಏರಿಗೆ ತುಂಬುವ ಹಾಗಿಲ್ಲ.

ಇನ್ನೊಂದು ವಿಷಯ, ನಮ್ಮವರಿಗೆ ಗೊತ್ತಿರಬೇಕಾದದ್ದು. ಎರೆ ಮಣ್ಣಿನ ಊತ ತಡೆಯುವ ಒಂದು ಒಳ್ಳೆ ದಾರಿ ಸಿಕ್ಕಿದ್ದು ಇದೇ ಪೊವಾಯಿಯ ಐಐಟಿಯಲ್ಲಿ. ಪ್ರೊ. ಆರ್. ಕೆ. ಕಟ್ಟಿ ಅವರು ವರ್ಷಗಟ್ಟಲೆ ಈ ಮಣ್ಣಿನ ಮೇಲೆ ಕೆಲಸ ಮಾಡಿದರು, ನಮ್ಮ ಮಲಪ್ರಭಾ ಕಾಲುವೆಯ ತೊಂದರೆಯೂ ಅದರಲ್ಲಿ ಸೇರಿತ್ತು. ಅವರು ಕಂಡದ್ದು ಇಷ್ಟು: ಊದುವ ಮಣ್ಣಿನ ಮೇಲೆ ಸುಮಾರು ಒಂದು ಮೀಟರ್ ದಪ್ಪಕ್ಕೆ ಅಂಟು ಇರುವ, ಆದರೆ ತಾನು ಊದದ ಮಣ್ಣನ್ನು ಕುಟ್ಟಿ ಕೂರಿಸಿದರೆ ಕೆಳಗಿನ ಊತ ಬಹಳ ಮಟ್ಟಿಗೆ ಅಡಗುತ್ತದೆ. ಸಿಎನ್ಎಸ್ (ಕೊಹೆಸಿವ್ ನಾನ್-ಸ್ವೆಲಿಂಗ್ ಸಾಯಿಲ್) ಪದರ ಅಂತ ಅದರ ಹೆಸರು. ಕಾಲುವೆ, ರಸ್ತೆ, ಪಾಯ ಎಲ್ಲದರಲ್ಲೂ ಬಳಸಿದ್ದಾರೆ. ಬರೀ ಮರಳು ತುಂಬಿದರೆ ಇದು ಆಗಲ್ಲ, ಮರಳಿನಲ್ಲಿ ಅಂಟು ಇಲ್ಲ, ಜೊತೆಗೆ ಅದು ನೀರನ್ನು ಒಳಗೆ ಹಿಡಿದಿಡುತ್ತದೆ. ಪುಣೆಯಲ್ಲಿ ಎಷ್ಟೋ ಜನ ಮರಳೋ ಕಟ್ಟಡ ಒಡೆದ ಕಸವೋ ಸುರಿದು ಆಯಿತು ಅನ್ನುತ್ತಾರೆ. ನೋಡಿದರೆ ಸಂಕಟ ಆಗುತ್ತದೆ.

ವಾಘೋಲಿ ನಿವಾಸಿ

ಎಲ್ಲರಿಗೂ ಧನ್ಯವಾದ. ಕಮಿಟಿ ಒಪ್ಪಿತು, ಶನಿವಾರ ಅಗೆಸಿದೆವು. ಕಂಡದ್ದನ್ನು ಹಾಗೇ ಬರೆಯುತ್ತಿದ್ದೇನೆ.

ಮೇಲೆ ಡಾಂಬರು ಒಟ್ಟು 110 ಮಿಮೀ, ನಾಲ್ಕು ಪದರ ಬೇರೆ ಬೇರೆ ಕಾಣುತ್ತವೆ. ಮೇಲಿನ ಎರಡು ಪದರದ ನಡುವೆ ಉಳಿ ಹಾಕಿದರೆ ಹಪ್ಪಳದ ಥರ ಬಿಟ್ಟುಕೊಂಡವು, ಮಧ್ಯೆ ಧೂಳು ಇತ್ತು. ಕೆಳಗಿನ ಪದರದ ಕಲ್ಲುಗಳ ಮೈ ಬೋಳಾಗಿತ್ತು, ಕೈಯಲ್ಲಿ ಉಜ್ಜಿದರೆ ಕಪ್ಪು ಹತ್ತಲಿಲ್ಲ. ಅದರ ಕೆಳಗೆ ಸುಮಾರು 100 ಮಿಮೀ ದಪ್ಪ ಖಡಿ (ಜಲ್ಲಿ), ಆದರೆ ಸಂದಿಯೆಲ್ಲಾ ಕಪ್ಪು ಕೆಸರು ತುಂಬಿಕೊಂಡಿತ್ತು. ಆಮೇಲೆ ನೇರ ಎರೆ ಮಣ್ಣು. ಬಾಲ್ ಪೆನ್ನು ಒತ್ತಿದರೆ ಸಲೀಸಾಗಿ ಒಳಗೆ ಹೋಯಿತು. ಗುಂಡಿಯ ಒಂದು ಪಕ್ಕದಿಂದ ನೀರು ಜಿನುಗುತ್ತಿತ್ತು, ಆ ಪಕ್ಕಕ್ಕೇ ನಮ್ಮ ಹುಲ್ಲುಹಾಸು, ದಿನಾ ಸ್ಪ್ರಿಂಕ್ಲರ್.

ಲ್ಯಾಬಿನವರು ಕೊಟ್ಟದ್ದು: ನೀರಿನ ಜಾಡಿಯಲ್ಲಿ 21 ಮಿಲೀ, ಸೀಮೆಎಣ್ಣೆಯಲ್ಲಿ 11. ಸಿಬಿಆರ್ 1.8.

ಹಳೇ ಲ್ಯಾಬ್, ಕೊಥ್ರೂಡ್

21ರಲ್ಲಿ 11 ಕಳೆದು 11ರಿಂದ ಭಾಗಿಸಿ, 91 ಪರ್ಸೆಂಟ್. ಜೋರಾಗಿ ಊದುವ ಮಣ್ಣು. ಇದರ ಮೇಲೆ ಎರಡು ಇಂಚಲ್ಲ, ನಾಲ್ಕು ಇಂಚು ಹಾಕಿದರೂ ನಿಲ್ಲುವುದಿಲ್ಲ.

ನೀವು ಬರೆದದ್ದರಲ್ಲಿ ಎಲ್ಲಾ ಇದೆ. ಖಡಿಯ ಸಂದಿಗೆ ಕೆಸರು ಬಂದದ್ದು ಹೇಗೆ? ನೆಂದ ಜೇಡಿಯ ಮೇಲೆ ಟ್ಯಾಂಕರ್ ಹೋದಾಗ ಒಳಗಿನ ನೀರಿನ ಒತ್ತಡ ಏರುತ್ತದೆ, ಕೆಸರು ಮೇಲಕ್ಕೆ ಚಿಮ್ಮುತ್ತದೆ, ಖಡಿ ಕೆಳಗೆ ಇಳಿಯುತ್ತದೆ. ಮಣ್ಣಿಗೆ ಬಲ ಬರುವುದು ಕಣಕ್ಕೆ ಕಣ ಒತ್ತಿಕೊಳ್ಳುವುದರಿಂದ. ಮೇಲಿನ ಭಾರದಲ್ಲಿ ನೀರು ಹೊತ್ತ ಪಾಲನ್ನು ಕಳೆದರೆ ಉಳಿದದ್ದೇ ಕಣಗಳ ಪಾಲು. ಟೆರ್ಜಾಗಿ ಅನ್ನುವ ಇಂಜಿನಿಯರ್ 1920ರ ದಶಕದಲ್ಲಿ ಹೇಳಿದ ಈ ಒಂದು ಮಾತಿನ ಮೇಲೆ ಇಡೀ ಮಣ್ಣಿನ ಶಾಸ್ತ್ರ ನಿಂತಿದೆ. ನೀರಿನ ಒತ್ತಡ ಏರಿದಷ್ಟೂ ಕಣಗಳ ಹಿಡಿತ ಸಡಿಲ, ಮಣ್ಣು ಜಾರುತ್ತದೆ. ಖಡಿ ಮತ್ತು ಎರೆ ಮಣ್ಣಿನ ನಡುವೆ ಸೋಸುವ ಪದರ ಹಾಕಿದ್ದರೆ ಹೀಗಾಗುತ್ತಿರಲಿಲ್ಲ.

ಕಲ್ಲು ಬೋಳಾದದ್ದಕ್ಕೆ ಸ್ಟ್ರಿಪ್ಪಿಂಗ್ ಅನ್ನುತ್ತಾರೆ. ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆ ಪ್ರೀತಿ ಜಾಸ್ತಿ. ನಮ್ಮ ಪುಣೆಯ ಬಸಾಲ್ಟ್ ಈ ವಿಷಯದಲ್ಲಿ ಗ್ರಾನೈಟಿಗಿಂತ ವಾಸಿ, ಆದರೂ ತಿಂಗಳುಗಟ್ಟಲೆ ನೀರು ನಿಂತರೆ ಅದೂ ಬಿಡುತ್ತದೆ. ಇನ್ನು ಪದರಗಳ ನಡುವೆ ಧೂಳು ಇತ್ತು ಅಂದಿರಿ, ಅಂದರೆ ಗುಡಿಸದೆ, ಟ್ಯಾಕ್ ಕೋಟ್ (ಎರಡು ಪದರ ಅಂಟಿಸುವ ತೆಳು ಡಾಂಬರು) ಸರಿಯಾಗಿ ಹೊಡೆಯದೆ ಮೇಲೆ ಸುರಿದಿದ್ದಾರೆ. ಅಂಟದ ಪದರಗಳು ಒಂದೊಂದೇ ಭಾರ ಹೊರಬೇಕಾಗುತ್ತದೆ, ಒಟ್ಟು 110 ಮಿಮೀ ಇದ್ದರೂ ಅದರ ಬಲ ಸಿಗುವುದಿಲ್ಲ.

ಮಡಗಾಂವ್ ಕುಮಟಾದವ

ಗೋವಾದಿಂದ ಒಂದು ಮಾತು. ನಮ್ಮಲ್ಲಿ ಎರೆ ಮಣ್ಣಿನ ಕಾಟ ಇಲ್ಲ, ಕೆಂಪು ಜಂಬಿಟ್ಟಿಗೆ. ಒಳ್ಳೆ ಗರಸು ಸಿಗುತ್ತದೆ, ರೋಲರ್ ಹೊಡೆದರೆ ಚೆನ್ನಾಗಿ ಕೂರುತ್ತದೆ. ಆದರೆ ಜಂಬಿಟ್ಟಿಗೆ ಪದರದ ಕೆಳಗೆ ಕುಮಟಾ, ಹೊನ್ನಾವರದ ಕಡೆ ಇರುವ ಹಾಗೇ ಶೇಡಿ ಮಣ್ಣು ಇರುತ್ತದೆ. ಒಣಗಿದಾಗ ಅದರ ಗೋಡೆ ನೆಟ್ಟಗೆ ನಿಲ್ಲುತ್ತದೆ, ನೆಂದರೆ ಬಲವೇ ಇಲ್ಲ. ರಸ್ತೆ ಅಗಲ ಮಾಡಲು ಗುಡ್ಡ ಕಡಿದಾಗ ಬೇಸಿಗೆಯಲ್ಲಿ ನೋಡಿ ಗಟ್ಟಿ ಇದೆ ಅಂದುಕೊಳ್ಳುತ್ತಾರೆ, ಜೂನ್-ಜುಲೈಯಲ್ಲಿ ಜಾರುತ್ತದೆ. ವರ್ಷಕ್ಕೆ 3000 ಮಿಮೀ ಹತ್ತಿರ ಮಳೆ ಬೀಳುವ ಊರು ಇದು.

ಬೇರೆ ಮಣ್ಣು, ಬೇರೆ ಕಾಯಿಲೆ, ಎರಡು ಕಡೆಯೂ ಕೆಡಿಸಿದ್ದು ನೀರು. ವಾಘೋಲಿಯವರೇ, ಆ ಸ್ಪ್ರಿಂಕ್ಲರನ್ನು ರಸ್ತೆ ಅಂಚಿನಿಂದ ಮೊದಲು ದೂರ ಸರಿಸಿ. ಅದಕ್ಕೆ ಯಾವ ಟೆಂಡರೂ ಬೇಕಾಗಿಲ್ಲ.

ಸಿವಿಲ್ ಮೂರನೇ ವರ್ಷ

ಪುಣೆಯಲ್ಲೇ ಓದುತ್ತಿದ್ದೇನೆ ಸರ್. ಒಂದು ಅನುಮಾನ. ನೀರು ಅಷ್ಟು ಕೆಟ್ಟದಾದರೆ ಮಣ್ಣು ಕೂರಿಸುವಾಗ ಟ್ಯಾಂಕರಿನಿಂದ ನೀರು ಯಾಕೆ ಹೊಡೆಯುತ್ತಾರೆ? ಎಷ್ಟು ನೀರಿಗೆ ಮಣ್ಣು ಎಷ್ಟು ಸಾಂದ್ರವಾಗಿ ಕೂರುತ್ತದೆ ಅಂತ ತೋರಿಸುವ ಪ್ರಾಕ್ಟರ್ ಪರೀಕ್ಷೆಯ ಗೆರೆ ಬರೆದಿದ್ದೇನೆ, ಆದರೆ ಒಳಗೆ ಏನಾಗುತ್ತದೆ ಅಂತ ಸರಿಯಾಗಿ ಹೊಳೆದಿಲ್ಲ.

ಹಳೇ ಲ್ಯಾಬ್, ಕೊಥ್ರೂಡ್

ಒಳ್ಳೆ ಪ್ರಶ್ನೆ ಕೇಳಿದೆ ಮಗಾ. ಒಣ ಮಣ್ಣಿನ ಕಣಗಳು ಒಂದಕ್ಕೊಂದು ಉಜ್ಜಿಕೊಂಡು ಅಲ್ಲಲ್ಲೇ ಸಿಕ್ಕಿಕೊಳ್ಳುತ್ತವೆ, ಎಷ್ಟು ಕುಟ್ಟಿದರೂ ನಡುವೆ ಗಾಳಿ ಉಳಿಯುತ್ತದೆ. ಸ್ವಲ್ಪ ನೀರು ಸೇರಿದರೆ ಸರಿಯುತ್ತವೆ, ಗಾಳಿ ಹೊರಗೆ ಹೋಗುತ್ತದೆ, ಸಾಂದ್ರತೆ ಏರುತ್ತದೆ. ಒಂದು ಹದ ದಾಟಿದ ಮೇಲೆ ನೀರೇ ಕಣದ ಜಾಗ ತಿನ್ನುತ್ತದೆ, ಸಾಂದ್ರತೆ ಇಳಿಯುತ್ತದೆ. ನೀನು ಬರೆದ ಗೆರೆಯ ತುದಿ ಆ ಹದ. ಲಾಸ್ ಏಂಜಲೀಸಿನಲ್ಲಿ ಅಣೆಕಟ್ಟಿನ ಕೆಲಸ ಮಾಡುತ್ತಿದ್ದ ಪ್ರಾಕ್ಟರ್ ಇದನ್ನು 1933ರಲ್ಲಿ ಬರೆದರು. ಹದದಲ್ಲಿ ಕೂರಿಸಿದ ಮಣ್ಣಿನೊಳಗೆ ಆಮೇಲೆ ಹೊಸ ನೀರು ಹೋಗಲು ಸಂದಿ ಕಡಿಮೆ. ಅದಕ್ಕೇ ಕೂರಿಸುವಾಗ ನೀರು ಬೇಕು, ಕೂರಿಸಿದ ಮೇಲೆ ಬೇಡ.

ಸೈಟಿನಲ್ಲಿ ಆ ಸಾಂದ್ರತೆ ಬಂದಿದೆಯಾ ಅಂತ ನೋಡಲು ಮರಳು ಹಾಕುವ ಪರೀಕ್ಷೆ ಇದೆ. ರೋಲರ್ ಹೊಡೆದ ಪದರದಲ್ಲಿ ಸಣ್ಣ ದುಂಡನೆ ಗುಂಡಿ ಕೆರೆದು, ಬಂದ ಮಣ್ಣನ್ನು ಒಂದು ಕಾಳೂ ಬಿಡದೆ ತೂಗುತ್ತಾರೆ. ಆಮೇಲೆ ಸಿಲಿಂಡರಿನಿಂದ ಒಣ ಮರಳನ್ನು ಆ ಗುಂಡಿಗೆ ಬಿಡುತ್ತಾರೆ. ಎಷ್ಟು ಮರಳು ಹಿಡಿಯಿತೋ ಅದರಿಂದ ಗುಂಡಿಯ ಗಾತ್ರ ಗೊತ್ತಾಗುತ್ತದೆ, ಮಣ್ಣಿನ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. ಪಕ್ಕದಲ್ಲಿ ರೋಲರ್ ಓಡುತ್ತಿದ್ದರೆ ಮರಳು ಅದುರಿ ಜಾಸ್ತಿ ಇಳಿಯುತ್ತದೆ, ಉತ್ತರ ತಪ್ಪಾಗುತ್ತದೆ. ಆದ್ದರಿಂದ ಆ ಹೊತ್ತು ರೋಲರ್ ನಿಲ್ಲಿಸಲೇಬೇಕು. ಸಬ್‌ಗ್ರೇಡಿಗೆ ಹೆವಿ ಪ್ರಾಕ್ಟರ್ (ಹೆಚ್ಚು ಬಲದಲ್ಲಿ ಕುಟ್ಟುವ ಪರೀಕ್ಷೆ) ಸಾಂದ್ರತೆಯ 97 ಪರ್ಸೆಂಟ್ ಬರಬೇಕು.

ಅಂಧೇರಿ ಕಾಂಕ್ರೀಟ್

ನಾನು ಒಪ್ಪುವುದಿಲ್ಲ. ಇಷ್ಟೆಲ್ಲಾ ಅಗೆದು ಮತ್ತೆ ಡಾಂಬರು ಯಾಕೆ? ಮುಂಬೈಯಲ್ಲಿ ಪಾಲಿಕೆಯೇ ರಸ್ತೆಗಳನ್ನೆಲ್ಲಾ ಕಾಂಕ್ರೀಟ್ ಮಾಡಿಸುತ್ತಿದೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ನೋಡಿ, ಕಾಂಕ್ರೀಟಿನದು, 20 ವರ್ಷದ ಮೇಲಾಯಿತು, ಘಾಟಿನ ಮಳೆಯಲ್ಲೂ ನಿಂತಿದೆ. ಕಾಂಕ್ರೀಟ್ ಚಪ್ಪಡಿ ಭಾರವನ್ನು ಅಗಲಕ್ಕೆ ಹಂಚುತ್ತದೆ, ಮೆತ್ತಗಿನ ಮಣ್ಣಿಗೆ ಅದೇ ಸರಿ. ನೀರಿಗೆ ಹೆದರುವುದಿಲ್ಲ, ಟ್ಯಾಂಕರಿನಿಂದ ಸೋರುವ ಡೀಸೆಲ್‌ಗೆ ಕರಗುವುದಿಲ್ಲ.

ಮುಲುಂಡ್ ಬೋರ್‌ಹೋಲ್

ಭಾರ ಹಂಚುವುದು ನಿಜ, ಡೀಸೆಲ್ ಮಾತೂ ನಿಜ. ಆದರೆ ಎಕ್ಸ್‌ಪ್ರೆಸ್‌ವೇ ಚಪ್ಪಡಿಯನ್ನು ಎರೆ ಮಣ್ಣಿನ ಮೇಲೆ ಹಾಗೇ ಇಟ್ಟಿಲ್ಲ ಅಣ್ಣಾ. ಅಂಥ ರಸ್ತೆಯಲ್ಲಿ ಕೆಳಗೆ ನೀರು ಹರಿಸುವ ಖಡಿ ಪದರ, ಅದರ ಮೇಲೆ ಡಿಎಲ್‌ಸಿ ಅನ್ನುವ, ಸಿಮೆಂಟ್ ಕಡಿಮೆ ಇರುವ ಕಾಂಕ್ರೀಟ್, ಆಮೇಲೆ ಮೇಲಿನ ಚಪ್ಪಡಿ. ಸುಮಾರು 4.5 ಮೀಟರಿಗೊಂದು ಜಾಯಿಂಟ್ ಕೊಯ್ಯಬೇಕು. ಸೊಸೈಟಿಗಳಲ್ಲಿ ಹಾಕುವುದು ನಾಲ್ಕೈದು ಇಂಚು ಕಾಂಕ್ರೀಟ್, ಕೆಳಗೆ ಏನೂ ಇಲ್ಲ, ಜಾಯಿಂಟ್ ತಡವಾಗಿ ಕೊಯ್ಯುತ್ತಾರೆ ಅಥವಾ ಕೊಯ್ಯುವುದೇ ಇಲ್ಲ. ಅಂಚು ಊದಿದಾಗ ಚಪ್ಪಡಿ ಅಡ್ಡಡ್ಡ ಸೀಳುತ್ತದೆ. ಡಾಂಬರು ಸ್ವಲ್ಪ ಬಾಗುತ್ತದೆ, ರಿಪೇರಿ ಸುಲಭ. ಸೀಳಿದ ಚಪ್ಪಡಿಯನ್ನು ಒಡೆದೇ ತೆಗೆಯಬೇಕು. ಇನ್ನು ಕೇಬಲ್, ನೀರಿನ ಪೈಪು ಅಂತ ಅಗೆಯುವುದು ನಮ್ಮ ಊರುಗಳಲ್ಲಿ ನಿಲ್ಲುವುದಿಲ್ಲ.

ಕೆಳಗಿನ ಮಣ್ಣು ಸರಿಮಾಡಿದರೆ ಎರಡೂ ನಿಲ್ಲುತ್ತವೆ, ಮಾಡದಿದ್ದರೆ ಎರಡೂ ಕೆಡುತ್ತವೆ. ನವಿ ಮುಂಬೈ ಕಡೆ ಖಾಡಿ (ಕಡಲ ಹಿನ್ನೀರು) ಪಕ್ಕದ ಮೆತ್ತನೆ ಜೇಡಿಯಲ್ಲಿ ನೋಡಿ. ಭಾರ ಹಾಕಿದರೆ ನೀರು ಹಿಂಡಿಕೊಂಡು ಹೊರಗೆ ಬರಲು ವರ್ಷಗಳು ಬೇಕು, ಅಷ್ಟೂ ವರ್ಷ ನೆಲ ಕುಸಿಯುತ್ತಲೇ ಇರುತ್ತದೆ. ಅದಕ್ಕೇ ಮೊದಲು ಹತ್ತಿರ ಹತ್ತಿರ ಪ್ಲಾಸ್ಟಿಕ್ ಪಟ್ಟಿ ಡ್ರೈನ್ ಇಳಿಸಿ, ಮೇಲೆ ಮಣ್ಣಿನ ರಾಶಿ ಹಾಕಿ ಕಾಯುತ್ತಾರೆ. ನೀರು ಹೋಗುವ ದಾರಿ ಅರ್ಧ ಆದರೆ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ. ರನ್‌ವೇ ಆಗಲಿ ರಸ್ತೆ ಆಗಲಿ, ಅಲ್ಲಿ ಯಾರೂ ಮೊದಲು ಮೇಲಿನ ಪದರದ ಮಾತಾಡುವುದಿಲ್ಲ.

ವಾಘೋಲಿ ನಿವಾಸಿ

ಬಹಳ ವರ್ಷ ಬಾಳಿದ ಪುಣೆಯ ಜಂಗ್ಲಿ ಮಹಾರಾಜ್ ರಸ್ತೆಯ ಉದಾಹರಣೆ ಕಮಿಟಿಯಲ್ಲಿ ಒಬ್ಬರು ಕೊಟ್ಟರು. ಅದು ಡಾಂಬರಿನದೇ ಅಲ್ವಾ? ಹಾಗಾದರೆ ನಮಗೆ ಏನು ಬರೆಸಬೇಕು ಅಂತ ಹೇಳಿಬಿಡಿ ಸರ್. ಅಗೆಯಲು ಎಲ್ಲರೂ ಒಪ್ಪಿದ್ದಾರೆ.

ಹಳೇ ಲ್ಯಾಬ್, ಕೊಥ್ರೂಡ್

ಹೌದು, ಡಾಂಬರಿನದೇ. 1976ರಲ್ಲಿ ಹಾಟ್ ಮಿಕ್ಸ್‌ನಲ್ಲಿ (ಕಾಯಿಸಿ ಕಲಸಿದ ಜಲ್ಲಿ-ಡಾಂಬರು) ಹಾಕಿದ್ದು. 10 ವರ್ಷದ ಗ್ಯಾರಂಟಿ ಕೊಟ್ಟಿದ್ದರು, ಅದು ದಶಕಗಟ್ಟಲೆ ಬಾಳಿತು. ಡಾಂಬರು ರಸ್ತೆ ಅಂದರೆ ವರ್ಷಕ್ಕೊಮ್ಮೆ ಹಾಳಾಗಲೇಬೇಕು ಅನ್ನುವ ಮಾತು ನನಗೆ ಬಹಳ ಬೇಜಾರು ತರುತ್ತದೆ. ಒಳ್ಳೆ ಕೆಲಸ ಈ ಊರಿನಲ್ಲೇ ಆಗಿದೆ.

ನಿಮ್ಮದಕ್ಕೆ ಬನ್ನಿ. ಹಳೆ ಡಾಂಬರು, ಕೆಸರು ಖಡಿ ಎರಡನ್ನೂ ತೆಗೆಸಿ. ಎರೆ ಮಣ್ಣನ್ನು 600 ಮಿಮೀ ಕೆಳಗೆ ತನಕ ತೆಗೆದು, ಊದದ ಅಂಟು ಮುರುಮನ್ನು (ಗರಸು ಮಣ್ಣು) ಪದರ ಪದರವಾಗಿ ತುಂಬಿಸಿ, ಮುಲುಂಡಿನವರು ಹೇಳಿದ ಸಿಎನ್ಎಸ್ ಇದೇ. ತರುವ ಮುರುಮಿಗೂ ಅದೇ ಜಾಡಿ ಪರೀಕ್ಷೆ ಮಾಡಿಸಿ. ಅಷ್ಟು ಮಣ್ಣು ಸಾಗಿಸುವ ಖರ್ಚು ಹೆಚ್ಚಾದರೆ ಇನ್ನೊಂದು ದಾರಿ ಸುಣ್ಣ. ತೂಕದಲ್ಲಿ 3ರಿಂದ 5 ಪರ್ಸೆಂಟ್ ಸುಣ್ಣ ಬೆರೆಸಿದರೆ ಅದರ ಕ್ಯಾಲ್ಸಿಯಂ ಜೇಡಿಯ ಗುಣವನ್ನೇ ಬದಲಿಸುತ್ತದೆ, ಅಂಟಂಟು ಹೋಗಿ ಪುಡಿಪುಡಿ ಆಗುತ್ತದೆ, ದಿನ ಕಳೆದ ಹಾಗೆ ಗಟ್ಟಿಯೂ ಆಗುತ್ತದೆ. ಆದರೆ ಹೆಂಟೆ ಒಡೆದು ಸರಿಯಾಗಿ ಕಲಸುವ ಯಂತ್ರ ಬೇಕು, ಗುದ್ದಲಿಯಲ್ಲಿ ಆಗುವ ಕೆಲಸ ಅಲ್ಲ. ಪ್ರಮಾಣವನ್ನು ಲ್ಯಾಬಿನಲ್ಲಿ ನೋಡಿಯೇ ಗೊತ್ತು ಮಾಡಬೇಕು.

ಅದರ ಮೇಲೆ ಜಿಎಸ್‌ಬಿ (ಗ್ರ್ಯಾನ್ಯುಲರ್ ಸಬ್‌ಬೇಸ್) ಅನ್ನುವ, ನೀರು ಹರಿಸುವ ಖಡಿ ಪದರ. ಈ ಪದರವನ್ನು ರಸ್ತೆ ಅಂಚು ದಾಟಿಸಿ ಚರಂಡಿಗೆ ತೆರೆದುಕೊಳ್ಳುವ ಹಾಗೆ ಎಳೆಯಬೇಕು, ಇಲ್ಲದಿದ್ದರೆ ಒಳಗೆ ಬಂದ ನೀರಿಗೆ ಹೋಗಲು ದಾರಿ ಇರುವುದಿಲ್ಲ. ಇದನ್ನು ಡ್ರಾಯಿಂಗಿನಲ್ಲೇ ತೋರಿಸಿ ಅನ್ನಿ. ಆಮೇಲೆ ವೆಟ್ ಮಿಕ್ಸ್ (ನೀರು ಬೆರೆಸಿ ಕೂರಿಸುವ ಖಡಿ), ಅದರ ಮೇಲೆ ಪ್ರೈಮ್ ಕೋಟ್ (ಖಡಿಗೆ ಹೊಡೆಯುವ ತೆಳು ಡಾಂಬರು), 50 ಮಿಮೀ ಡಿಬಿಎಂ (ಕೆಳಗಿನ ಡಾಂಬರು ಪದರ), ಟ್ಯಾಕ್ ಕೋಟ್, ಮೇಲೆ 40 ಮಿಮೀ ಬಿ.ಸಿ. (ಬಿಟುಮಿನಸ್ ಕಾಂಕ್ರೀಟ್, ಮೇಲ್ಮೈಯ ಡಾಂಬರು ಪದರ). ಖಡಿ ಪದರಗಳ ದಪ್ಪವನ್ನು ಡಿಸೈನ್ ಮಾಡುವವರು ಟ್ಯಾಂಕರ್ ಎಣಿಸಿ ಹೇಳಲಿ. ಇಳಿಜಾರು ನಡುವಿನಿಂದ ಎರಡೂ ಕಡೆಗೆ 2.5 ಪರ್ಸೆಂಟ್. ನಿಮ್ಮ 5 ಮೀಟರ್ ರಸ್ತೆಗೆ ನಡು ಅಂಚಿಗಿಂತ 62 ಮಿಮೀ ಮೇಲಿರಬೇಕು. ದಾರ ಕಟ್ಟಿ ಅಳೆಯಿರಿ.

ಡಾಂಬರು ವಿಜಿ 30 ದರ್ಜೆಯದು ಅಂತ ಬರೆಸಿ. 2006ರಿಂದ ನಮ್ಮಲ್ಲಿ ಡಾಂಬರಿನ ದರ್ಜೆ ಅದರ ಮಂದತನದ ಮೇಲೆ, 60 ಡಿಗ್ರಿಯಲ್ಲಿ ಅಳೆಯುತ್ತಾರೆ. ಬೇಸಿಗೆಯಲ್ಲಿ ರಸ್ತೆ ಮೈ ಮುಟ್ಟುವ ಬಿಸಿ ಅಷ್ಟೇ. ಮಿಕ್ಸನ್ನು ಅಚ್ಚಿನಲ್ಲಿ ಕುಟ್ಟಿ ನೋಡುವ ಮಾರ್ಷಲ್ ಪರೀಕ್ಷೆಯ ವರದಿ ಕೇಳಿ, 75 ಪೆಟ್ಟಿನದು. ಗಾಳಿ ಸಂದಿ 3ರಿಂದ 5 ಪರ್ಸೆಂಟ್ ಇರಬೇಕು. ಕಡಿಮೆಯಾದರೆ ಬಿಸಿಲಿಗೆ ಡಾಂಬರು ಮೇಲೆ ಉಕ್ಕುತ್ತದೆ, ಜಾಸ್ತಿಯಾದರೆ ನೀರು ಇಳಿಯುತ್ತದೆ.

ಹಾಕುವ ದಿನ ಸೊಸೈಟಿಯಿಂದ ಇಬ್ಬರು ನಿಲ್ಲಲಿ, ಒಬ್ಬರ ಕೈಯಲ್ಲಿ ಥರ್ಮಾಮೀಟರ್ ಇರಲಿ. ಲಾರಿ ಮೇಲೆ ತಾಡಪತ್ರಿ ಮುಚ್ಚಿರಬೇಕು. ಪೇವರಿಗೆ (ಡಾಂಬರು ಹರಡುವ ಯಂತ್ರ) ಸುರಿಯುವಾಗ ಮಿಕ್ಸ್ 140 ಡಿಗ್ರಿಗಿಂತ ಕೆಳಗಿದ್ದರೆ ವಾಪಸ್ ಕಳಿಸಿ. ನೀಲಿ ಹೊಗೆ ಏಳುತ್ತಿದ್ದರೆ ಜಾಸ್ತಿ ಕಾಯಿಸಿದ್ದಾರೆ, ಡಾಂಬರು ಸುಟ್ಟು ಜೀವ ಹೋಗಿದೆ, ಅದೂ ಬೇಡ. ರೋಲಿಂಗ್ 90 ಡಿಗ್ರಿಗೆ ಇಳಿಯುವ ಮೊದಲೇ ಮುಗಿಯಬೇಕು. ಟ್ಯಾಕ್ ಕೋಟ್ ಎಮಲ್ಶನ್ ಹೊಡೆದಾಗ ಕಂದು ಬಣ್ಣ ಇರುತ್ತದೆ, ನೀರು ಬಿಟ್ಟ ಮೇಲೆ ಕಪ್ಪಾಗುತ್ತದೆ. ಕಂದು ಇರುವಾಗಲೇ ಮೇಲೆ ಮಿಕ್ಸ್ ಸುರಿಯಲು ಬಿಡಬೇಡಿ. ನಿಮ್ಮ ಹಳೆ ಪದರಗಳು ಬಿಟ್ಟುಕೊಂಡದ್ದು ಇಂಥ ಅವಸರಕ್ಕೇ.

ವಾಘೋಲಿ ನಿವಾಸಿ

ಎಲ್ಲವನ್ನೂ ಮರಾಠಿಗೆ ಹಾಕಿ ಕಮಿಟಿ ಮುಂದಿಟ್ಟೆ. ಡಿಸೈನ್ ಮಾಡುವವರನ್ನು ಬೇರೆಯಾಗಿ ನೇಮಿಸುತ್ತೇವೆ, ಕಾಂಟ್ರಾಕ್ಟರಿಗೆ ಪರೀಕ್ಷೆಯ ವರದಿ ನೋಡಿದ ಮೇಲೆಯೇ ಬಿಲ್. ಟ್ಯಾಂಕರ್ ನಿಲ್ಲುವ ಜಾಗಕ್ಕೆ ಡೀಸೆಲ್ ಸೋರಿಕೆ ಕಾರಣ ಪೇವರ್ ಬ್ಲಾಕ್ ಹಾಕಿಸೋಣ ಅಂತ ಆಯಿತು. ಬಜೆಟ್ ಸಾಲದೆ ಹೋದರೆ ಈ ವರ್ಷ ಗೇಟಿನ ಕಡೆಯ ಅರ್ಧ ಮಾತ್ರ ಪೂರ್ತಿ ಮಾಡಿ, ಉಳಿದ ಅರ್ಧ ಮುಂದಿನ ವರ್ಷ. ಹಾಗೆ ಮಾಡಬಹುದಾ ಸರ್?

ಹಳೇ ಲ್ಯಾಬ್, ಕೊಥ್ರೂಡ್

ಖಂಡಿತ ಮಾಡಬಹುದು. ಪೂರ್ತಿ ಉದ್ದಕ್ಕೆ ಅರ್ಧಂಬರ್ಧ ಮಾಡುವುದಕ್ಕಿಂತ ಅದೇ ವಾಸಿ. ಆದರೆ ಪಕ್ಕದ ಚರಂಡಿ ಈ ವರ್ಷವೇ 200 ಮೀಟರೂ ಆಗಲಿ. ಉಳಿದ ಅರ್ಧದ ಅಂಚಿನ ಬಿರುಕಿಗೆ ಬಿಸಿ ಡಾಂಬರು ತುಂಬಿಸಿ ಮುಚ್ಚಿ. ಮಣ್ಣಿನ ಕೆಲಸ ಮೇ ಮಧ್ಯದೊಳಗೆ ಮುಗಿಯುವುದಾದರೆ ಮಾತ್ರ ಶುರು ಮಾಡಿ. ಅಗೆದ ಎರೆ ಮಣ್ಣಿನ ಮೇಲೆ ಒಂದು ಮಳೆ ಬಿದ್ದರೆ ರೋಲರ್ ಇಳಿಸಲು ಆಗುವುದಿಲ್ಲ, ಅಕ್ಟೋಬರ್ ತನಕ ಕಾಯಬೇಕಾಗುತ್ತದೆ.